ಬಸ್ರಾದಿಂದ ನಾನು ಬರೆದ ಕಾಗದ

ಮಂಗಳೂರು ಬಂದರಿನ ನಮ್ಮ ಓಣಿಯಿಂದ ಗಲ್ಫಿಗೆ ಹೊರಡುವವರು ಟಿಕೆಟು ಕೈಗೆ ಬಂದ ಮೇಲೆ ಒಮ್ಮೆ ನನ್ನ ಮನೆಗೆ ಬಂದು ಹೋಗುತ್ತಾರೆ. ನಾನು ಹತ್ತೊಂಬತ್ತು ವರ್ಷ ಪರದೇಶದಲ್ಲಿ ಕಬ್ಬಿಣ ಕಟ್ಟಿದವನು, ಅಂದರೆ ಕಾಂಕ್ರೀಟಿನೊಳಗೆ ಹೋಗುವ ಸರಳುಗಳನ್ನು ಬಗ್ಗಿಸಿ, ತಂತಿಯಿಂದ ಬಿಗಿದು ನಿಲ್ಲಿಸುವ ಕೆಲಸದವನು. ಅಲ್ಲಿ ಸೆಕೆ ಎಷ್ಟು, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ, ಬ್ಯಾಗಿನಲ್ಲಿ ಎಂತ ತುಂಬಬೇಕು ಎಂದು ಕೇಳುತ್ತಾರೆ. ತೆಂಗಿನೆಣ್ಣೆ, ಮೈ ಒರೆಸಲು ಎರಡು ಬೈರಾಸು, ಒಂದು ಭರಣಿ ಮಿಡಿ ಉಪ್ಪಿನಕಾಯಿ ಎಂದು ಹೇಳಿ ಕಳುಹಿಸುತ್ತೇನೆ.

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗ ನವಾಜ್ ಬಂದಿದ್ದ. ಅವನಿಗೆ ದೊಡ್ಡ ಕಟ್ಟಡ ಕಂಪೆನಿಯೊಂದರಲ್ಲಿ ಸೇಫ್ಟಿ ಆಫೀಸರ್ ಕೆಲಸ ಸಿಕ್ಕಿದೆ. ಆ ಕಡೆಯ ಆಕಾಶದಲ್ಲಿ ಕ್ಷಿಪಣಿ ಹಾರುವುದನ್ನು ಟೀವಿಯಲ್ಲಿ ನೋಡಿದಂದಿನಿಂದ ಅವನ ತಾಯಿ ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

"ಅಜ್ಜ, ನೀವೊಮ್ಮೆ ಉಮ್ಮನ ಹತ್ರ ಹೇಳಿ, ಅಲ್ಲಿ ಎಂತ ತೊಂದರೆ ಸಾ ಇಲ್ಲ ಅಂತ" ಎಂದ. "ನೀವು ಯುದ್ಧದ ಮಧ್ಯದಲ್ಲೇ ಇದ್ದು ಬಂದವರಲ್ಲವಾ. ನಿಮ್ಮ ಮಾತಾದ್ರೆ ನಂಬ್ತಾರೆ."

ನಾನು ಹೇಳಲು ಒಪ್ಪಲಿಲ್ಲ. ಅವನು ಮುಖ ಸಣ್ಣ ಮಾಡಿಕೊಂಡು ಹೋದ. ಯಾಕೆ ಒಪ್ಪಲಿಲ್ಲ ಎಂಬುದನ್ನು ಬಾಯಿಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಹೊರಡುವವರೆಲ್ಲ ಓದಬಹುದು.

ಇರಾನಿಗೂ ಇರಾಕಿಗೂ ಯುದ್ಧ ಹತ್ತಿಕೊಂಡಿದ್ದ ಕಾಲ. ಬಲ್ಮಠದ ಹತ್ತಿರ ಒಂದು ಮಹಡಿಯ ಮೇಲೆ ಏಜೆಂಟನ ಆಫೀಸು ಇತ್ತು. ಇರಾಕಿಗೆ ಆಳು ಬೇಕು ಎಂದಾಗ ಮೊದಲೆಲ್ಲ ಮೆಟ್ಟಿಲ ತನಕ ಸಾಲು ನಿಲ್ಲುತ್ತಿತ್ತಂತೆ. ನಾನು ಹೋದ ದಿನ ಒಳಗೆ ಒಂಬತ್ತೇ ಜನ. ಯುದ್ಧಕ್ಕೆ ಹೆದರಿ ಉಳಿದವರು ಬಂದಿರಲಿಲ್ಲ. ನಾನು ಹೆದರದವನೆಂದಲ್ಲ. ಊರಿನಲ್ಲಿ ಹಡಗುಕಟ್ಟೆಯ ಕಾಮಗಾರಿ ಮುಗಿದು ಎಂಟು ತಿಂಗಳು ಸುಮ್ಮನೆ ಕೂತಿದ್ದೆ. ಹೆದರಿಕೆಗಿಂತ ಅದು ಕಷ್ಟವಾಗಿತ್ತು.

ಟ್ರೇಡ್ ಟೆಸ್ಟ್ ಆಫೀಸಿನ ಹಿಂದಿನ ಅಂಗಳದಲ್ಲಿ ನಡೆಯಿತು. ಒಂದು ಕಂಬದ ಸರಳು ಕಟ್ಟಿ ತೋರಿಸಬೇಕು. ನನ್ನ ಪಕ್ಕದಲ್ಲಿ ನಿಂತವನು ತಂತಿ ಬಿಗಿಯುವ ಕೊಕ್ಕೆಯನ್ನು ತಿರುಗಾಮುರುಗಾ ಹಿಡಿದಿದ್ದ. ಅವನೇ ಲೋಕಯ್ಯ. ಮಣ್ಣಗುಡ್ಡದವನು, ಹಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ಹೊತ್ತು ಭುಜ ಬಲಿತವನು. ಕಾರ್ಖಾನೆ ಮುಚ್ಚಿತ್ತು. ಕಬ್ಬಿಣದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ.

"ಬ್ಯಾರಿಗಳೇ, ಇದನ್ನು ಎಂತ ಮಾಡುವುದು?" ಎಂದು ಮೆಲ್ಲ ಕೇಳಿದ. ಕರಾವಳಿಯಲ್ಲಿ ನಮ್ಮಂಥ ಮುಸ್ಲಿಮರಿಗೆ ಬ್ಯಾರಿ ಎಂದೇ ಹೆಸರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ.

"ನಾನು ಮಾಡಿದ ಹಾಗೆ ಮಾಡು. ನನ್ನ ಕೈ ನೋಡು, ಮುಖ ನೋಡಬೇಡ" ಎಂದೆ.

ಪರೀಕ್ಷೆ ಮಾಡುವವನಿಗೂ ಆಳು ಸಾಲದೆ ಇದ್ದದ್ದರಿಂದ ಇಬ್ಬರೂ ಪಾಸಾದೆವು. ಅಂದಿನಿಂದ ಜೋಡಿ.

ಬಸ್ರಾ ಶಹರದ ಹೊರಗೆ ನೀರು ಶುದ್ಧ ಮಾಡುವ ಸ್ಥಾವರದ ಅಡಿಪಾಯ ನಮ್ಮ ಕೆಲಸ. ಸರಳು ಬಗ್ಗಿಸುವುದು ಇಬ್ಬರ ಕೆಲಸ. ಒಬ್ಬ ಅಳತೆಗೆ ಗುರುತು ಹಾಕಿ ಹಿಡಿಯಬೇಕು, ಇನ್ನೊಬ್ಬ ಸರಳಿನ ತುದಿಗೆ ಉದ್ದ ಪೈಪು ತೂರಿಸಿ ಮೈಯೆಲ್ಲ ಹಾಕಿ ಎಳೆಯಬೇಕು. ಈಗಿನವರಿಗೆ ಮಿಷನ್ ಉಂಟು, ಗುಂಡಿ ಒತ್ತಿದರೆ ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗು ಬಗ್ಗಿ ಬೀಳುತ್ತದೆ. ನಮಗೆ ಇದ್ದದ್ದು ಲೋಕಯ್ಯನ ಭುಜ. ಹನ್ನೊಂದು ಗಂಟೆಯ ಬಿಸಿಲಿಗೆ ಸರಳು ಮುಟ್ಟಿದರೆ ಚರ್ಮ ಅದಕ್ಕೇ ಅಂಟುತ್ತಿತ್ತು. ಕಂಪೆನಿ ಕೊಟ್ಟ ಕೈಗವಸು ವಾರಕ್ಕೊಮ್ಮೆ ಹರಿಯುತ್ತಿತ್ತು, ತಿಂಗಳಿಗೊಮ್ಮೆ ಹೊಸದು ಬರುತ್ತಿತ್ತು.

ನಮ್ಮ ಫೋರ್‌ಮನ್ ದೇವಸಹಾಯಂ, ತಿರುನೆಲ್ವೇಲಿ ಕಡೆಯವರು. ಕೋಪಿಷ್ಠರು, ಆದರೆ ಊಟದ ಹೊತ್ತಿನಲ್ಲಿ ಒಬ್ಬೊಬ್ಬನ ತಟ್ಟೆ ನೋಡಿ ಹೋಗುವವರು. ಮೊದಲ ತಿಂಗಳಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನಕ್ಷೆಯಲ್ಲಿ ಬರೆದ ಅಳತೆ ಹೊರಮೈಯದ್ದೋ ಒಳಮೈಯದ್ದೋ ಎಂದು ವಿಚಾರಿಸದೆ ಇನ್ನೂರು ಚಿಲ್ಲರೆ ರಿಂಗು ಬಗ್ಗಿಸಿಬಿಟ್ಟೆ. ಎಲ್ಲವೂ ಗಿಡ್ಡವಾದವು. ದೇವಸಹಾಯಂ ಬೈಯಲಿಲ್ಲ. ಅಷ್ಟನ್ನೂ ಮತ್ತೆ ನೇರ ಮಾಡಿಸಿದರು. ನೇರ ಮಾಡಿದ ಸರಳು ಯಾವುದಕ್ಕೂ ಉಪಯೋಗವಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಪ್ಪು ನನ್ನದಾದರೂ ಲೋಕಯ್ಯ ಎರಡು ದಿನ ನನ್ನ ಜೊತೆಗೇ ನಿಂತು ಸುತ್ತಿಗೆ ಹೊಡೆದ.

ನಾನು ಹತ್ತನೆಯ ತರಗತಿ ಪಾಸಾದವನು. ಕ್ಯಾಂಪಿನಲ್ಲಿ ಕನ್ನಡ ಬರೆಯಲು ಬರುತ್ತಿದ್ದವನು ನಾನೊಬ್ಬನೇ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ನೀರಿನ ಟ್ಯಾಂಕಿಯ ನೆರಳಿನಲ್ಲಿ ಕೂತೆನೆಂದರೆ ನಮ್ಮ ಊರಿನ ಕಡೆಯ ಹತ್ತು ಹನ್ನೆರಡು ಜನ ಸುತ್ತ ಸೇರುತ್ತಿದ್ದರು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬಂದ ಕಾಗದವನ್ನೂ ನಾನೇ ಓದಿ ಹೇಳುತ್ತಿದ್ದೆ. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಯಾರ ಹೆಂಡತಿ ಬಸುರಿ, ಯಾರ ಅಪ್ಪನಿಗೆ ದಮ್ಮು, ಎಲ್ಲ ಮೊದಲು ನನಗೆ ಗೊತ್ತಾಗುತ್ತಿತ್ತು.

ಆರನೆಯ ತಿಂಗಳಿಗೆ ದೂರದ ಫಿರಂಗಿಯ ಗುಡುಗು ಹತ್ತಿರವಾಯಿತು. ಶೆಲ್ ಬರುವಾಗ ಮೊದಲು ಒಂದು ಸೀಟಿಯ ಶಬ್ದ. ಆಮೇಲೆ ನೆಲ ಅದುರುತ್ತದೆ, ಅದಾದ ಮೇಲೆ ಕಿವಿಗೆ ಶಬ್ದ. ನಾವೇ ತೋಡಿದ ಹೊಂಡಗಳಲ್ಲಿ ಇಳಿದು ಕೂರುತ್ತಿದ್ದೆವು. ಮ್ಯಾನೇಜರ್ ಎಲ್ಲರನ್ನೂ ಕರೆದು, ಕಾಗದದಲ್ಲಿ ಯುದ್ಧದ ಒಂದು ಶಬ್ದವೂ ಇರಬಾರದು, ಸಿಕ್ಕಿಬಿದ್ದರೆ ಅಂಚೆಯವರು ಇಡೀ ಕ್ಯಾಂಪಿನ ಕಾಗದದ ಕಟ್ಟನ್ನೇ ತಡೆಯುತ್ತಾರೆ ಎಂದ. ಬರೆಯುವವನು ನಾನಾದ್ದರಿಂದ ಆ ಮಾತು ನನಗೇ ಹೇಳಿದಂತಿತ್ತು.

ಅಲ್ಲಿಂದ ಮುಂದೆ ಯಾರು ಎಂತ ಹೇಳಿದರೂ ನನ್ನ ಪೆನ್ನು ಬರೆದದ್ದು ಒಂದೇ: ನಾನು ಇಲ್ಲಿ ಕ್ಷೇಮ, ಊಟ ವಸತಿಗೆ ತೊಂದರೆ ಇಲ್ಲ, ಯುದ್ಧ ಇಲ್ಲಿಂದ ಬಹಳ ದೂರ. ಆ ದೇಶದ ಅಂಚೆಯಲ್ಲಿ ಕನ್ನಡ ಓದುವವರು ಯಾರಿದ್ದರು ಎಂಬ ಯೋಚನೆ ನನಗೆ ಹೊಳೆಯಲಿಲ್ಲ. ಹೊಳೆದದ್ದು ಊರಿಗೆ ಬಂದು ಎಷ್ಟೋ ವರ್ಷ ಕಳೆದ ಮೇಲೆ, ಸೆಂಟ್ರಲ್ ಮಾರ್ಕೆಟಿನಲ್ಲಿ ಮೀನು ಆರಿಸುತ್ತಿದ್ದಾಗ. ಮೀನು ತೆಗೆದುಕೊಳ್ಳದೆ ಮನೆಗೆ ಬಂದೆ.

ಆದರೆ ನಾನು ಹೇಳಹೊರಟ ಕಾಗದಕ್ಕೆ ಆ ನೆಪವೂ ಇಲ್ಲ. ಅದು ಅಂಚೆಯಲ್ಲಿ ಹೋದದ್ದಲ್ಲ.

ನಮ್ಮ ಎರಡು ವರ್ಷದ ಕರಾರು ಮುಗಿಯಲು ಮೂರು ತಿಂಗಳಿತ್ತು. ಬೇಕಾದವರು ಊರಿಗೆ ಹೋಗಬಹುದು, ನಿಲ್ಲುವವರು ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು. ಬಜಪೆಯ ಕಡೆಯ ಮೇಸ್ತ್ರಿ ಫ್ರಾನ್ಸಿಸ್ ತಾಯಿಗೆ ಕಾಯಿಲೆ ಜೋರೆಂದು ಮೊದಲೇ ಹೊರಟ. ಅವನ ಕೈಯಲ್ಲಿ ಕಾಗದ ಕಳುಹಿಸಬಹುದಿತ್ತು. ಯಾರಾದರೂ ತೆರೆದು ನೋಡುವ ಭಯವಿಲ್ಲ. ಲೋಕಯ್ಯ ಎಲ್ಲರೂ ಹೋಗುವ ತನಕ ಕಾದು ನನ್ನ ಹತ್ತಿರ ಬಂದು ಕೂತ.

"ಬ್ಯಾರಿ, ಇವತ್ತು ಇದ್ದದ್ದು ಇದ್ದ ಹಾಗೆ ಬರಿ. ಗಿರಿಜೆಗೆ ಎಲ್ಲ ಗೊತ್ತಾಗಬೇಕು" ಎಂದ.

ಗಿರಿಜೆ ಅವನ ಹೆಂಡತಿ. ಏಳನೆಯ ತರಗತಿ ಓದಿದವಳು, ಕಾಗದ ತಾನೇ ಓದುತ್ತಿದ್ದಳು, ತಾನೇ ಬರೆಯುತ್ತಿದ್ದಳು. ಅವರಿಗೆ ಮೂರು ವರ್ಷದ ಒಬ್ಬಳು ಮಗಳು.

ಲೋಕಯ್ಯ ಬಹಳ ಹೊತ್ತು ಹೇಳಿದ. ಅಡುಗೆ ಶೆಡ್ಡಿನ ಹಿಂದೆ ಶೆಲ್ ಬಿದ್ದು ಅಡುಗೆಯವನು ಹೋದದ್ದು ಹೇಳಿದ. ಅವನು ಬಿಹಾರದವನು. ಅವತ್ತು ಬೆಳಿಗ್ಗೆ ಲೋಕಯ್ಯನಿಗೆ ಚಾ ಕೊಟ್ಟಿದ್ದ. ಕೈ ನಡುಗುತ್ತದೆ, ಕೊಕ್ಕೆ ತಂತಿಗೆ ಸಿಗುವುದಿಲ್ಲ ಎಂದು ಹೇಳಿದ. "ಊರಲ್ಲಿ ಕೆಲಸ ಇಲ್ಲ, ಅದು ನನಗೂ ಗೊತ್ತುಂಟು. ಹಾಗಾಗಿ ಅವಳೇ ಹೇಳಲಿ. ಬನ್ನಿ ಅಂದ್ರೆ ಬರ್ತೇನೆ. ನಿಲ್ಲಿ ಅಂದ್ರೆ ನಿಲ್ತೇನೆ. ಇದೆಲ್ಲ ಗೊತ್ತಿದ್ದು ಅವಳು ಹೇಳಿದ ಹಾಗೆ" ಎಂದ. ಆಮೇಲೆ ಟ್ಯಾಂಕಿಯ ಕಡೆ ಮುಖ ತಿರುಗಿಸಿ ಸಣ್ಣ ದನಿಯಲ್ಲಿ ಮತ್ತೂ ಏನೇನೋ ಹೇಳಿದ.

ನಾನು ಬರೆದದ್ದು ಹೀಗೆ: "ನಾನು ಇಲ್ಲಿ ಕ್ಷೇಮ. ಊಟ ವಸತಿಗೆ ತೊಂದರೆ ಇಲ್ಲ. ಯುದ್ಧ ಇಲ್ಲಿಂದ ಬಹಳ ದೂರ, ಏನೂ ಹೆದರಬೇಡ. ಕರಾರು ಮುಗಿಯುತ್ತಾ ಬಂತು. ಊರಿಗೆ ಬರಲೋ ಇನ್ನೊಂದು ವರ್ಷ ನಿಲ್ಲಲೋ ನೀನೇ ಯೋಚಿಸಿ ತಿಳಿಸು. ನೀನು ಹೇಳಿದ ಹಾಗೆ ಮಾಡುತ್ತೇನೆ. ಮಗಳಿಗೆ ಮುತ್ತು."

ಯಾಕೆ ಹಾಗೆ ಬರೆದೆ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿದ್ದೇನೆ. ದೂರದಲ್ಲಿರುವ ಹೆಂಗಸು ಹೆದರಿ ಒಣಗುವುದು ಬೇಡ ಎಂದುಕೊಂಡೆ, ಅದು ಒಂದು. ಒಂದು ವರ್ಷಕ್ಕೂ ಮೇಲೆ ಅದನ್ನೇ ಬರೆದು ಕೈಗೆ ಅಭ್ಯಾಸವಾಗಿತ್ತು, ಅದು ಇನ್ನೊಂದು. ಮೂರನೆಯದನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. ನಾನು ಆಗಲೇ ನಿಲ್ಲುವುದೆಂದು ತೀರ್ಮಾನ ಮಾಡಿದ್ದೆ. ಲೋಕಯ್ಯ ಹೋದರೆ ಪೈಪು ಎಳೆಯಲು ಹೊಸಬ ಯಾರೋ ಬರುತ್ತಾನೆ. ಹೊಂಡದಲ್ಲಿ ಕೂತಾಗ ಭುಜಕ್ಕೆ ಭುಜ ಕೊಟ್ಟು ತುಳು ಮಾತಾಡುವವನು ಇರುವುದಿಲ್ಲ. ಅವನು ಹೋಗುವುದು ನನಗೆ ಬೇಡವಾಗಿತ್ತು.

ಓದಿ ಹೇಳು ಎಂದ. ಅವನು ಹೇಳಿದ್ದನ್ನೆಲ್ಲ ಬರೆದವನಂತೆ, ಕಾಗದ ನೋಡುತ್ತಾ ಬಾಯಿಂದಲೇ ಕಟ್ಟಿ ಓದಿ ಹೇಳಿದೆ. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ್ದರ ಹತ್ತಿರ ಬರುವಾಗ ಅವನೇ ನಾಚಿ ಕೈ ಅಡ್ಡ ಹಿಡಿದ.

"ಸರಿ ಉಂಟು" ಎಂದ. ಮಡಚಿ ಫ್ರಾನ್ಸಿಸನಿಗೆ ಕೊಟ್ಟ.

ಐದು ವಾರದಲ್ಲಿ ಗಿರಿಜೆಯ ಉತ್ತರ ಬಂತು. ಲೋಕಯ್ಯ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಕೆಲಸ ಮುಗಿಯುವ ತನಕ ಕಾದ. ನಾನು ತೆರೆದೆ. ಅದರಲ್ಲಿ ಹೀಗಿತ್ತು: "ನೀವು ಸುಖವಾಗಿದ್ದೀರಿ ಎಂದು ತಿಳಿದು ಸಮಾಧಾನವಾಯಿತು. ಇಲ್ಲಿ ಕಾರ್ಖಾನೆ ಇನ್ನು ತೆರೆಯುವುದಿಲ್ಲವಂತೆ. ಅಲ್ಲಿ ತೊಂದರೆ ಇಲ್ಲದಿದ್ದರೆ ಇನ್ನೊಂದು ವರ್ಷ ನಿಲ್ಲಿ. ನಮ್ಮ ಚಿಂತೆ ಮಾಡಬೇಡಿ."

ಕಣ್ಣು ಹಾಯಿಸುವಾಗಲೇ ಇದನ್ನು ಇದ್ದ ಹಾಗೆ ಓದಿ ಹೇಳಲಾಗದೆಂದು ನನಗೆ ಗೊತ್ತಾಯಿತು. 'ಸುಖವಾಗಿದ್ದೀರಿ' ಎಂಬ ಮಾತನ್ನು ಹಾರಿಸಿದೆ. 'ಅಲ್ಲಿ ತೊಂದರೆ ಇಲ್ಲದಿದ್ದರೆ' ಎಂಬುದನ್ನೂ ಹಾರಿಸಿದೆ. ಅದನ್ನು ಓದಿದರೆ ನನ್ನ ಕಳ್ಳತನ ಹೊರಬೀಳುತ್ತಿತ್ತು. ಉಳಿದದ್ದು ಇಷ್ಟೇ: ಕಾರ್ಖಾನೆ ತೆರೆಯುವುದಿಲ್ಲ, ಇನ್ನೊಂದು ವರ್ಷ ನಿಲ್ಲಿ, ನಮ್ಮ ಚಿಂತೆ ಮಾಡಬೇಡಿ.

ಲೋಕಯ್ಯ ಮತ್ತೊಮ್ಮೆ ಓದಲು ಹೇಳಿದ. ಓದಿದೆ.

"ಅಷ್ಟೆಲ್ಲ ಹೇಳಿದ ಮೇಲೂ ನಿಲ್ಲಿ ಅಂದಳಾ" ಎಂದ.

ಆ ಕ್ಷಣದಲ್ಲಿ ಹೇಳಬಹುದಿತ್ತು. ಬೈಯುತ್ತಿದ್ದ, ಹೊಡೆಯುತ್ತಿದ್ದ, ಆಮೇಲೆ ಊರಿಗೆ ಹೋಗುತ್ತಿದ್ದ. ನಾನು ಕಾಗದ ಮಡಚಿ ಕೊಟ್ಟೆ. ಅವನು ಮರುದಿನ ಆಫೀಸಿಗೆ ಹೋಗಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಬಂದ. ಆಮೇಲೆ ಅವನು ಕಾಗದ ಬರೆಸಲು ಬರಲಿಲ್ಲ. ಶುಕ್ರವಾರ ಎಲ್ಲರೂ ಸೇರಿದಾಗ ಅವನು ಬಟ್ಟೆ ಒಗೆಯುತ್ತಾ ದೂರ ಇರುತ್ತಿದ್ದ.

ಹೊಸ ಕರಾರಿನ ನಾಲ್ಕನೆಯ ತಿಂಗಳು. ಮಧ್ಯಾಹ್ನದ ಊಟಕ್ಕೆ ಇನ್ನೇನು ಬಿಡಬೇಕು. ನಾನು ಗುರುತು ಹಾಕುವ ಚಾಕ್ ಮುಗಿಯಿತೆಂದು ಸ್ಟೋರಿಗೆ ಹೋಗಿದ್ದೆ. ಸೀಟಿ ಕೇಳಿಸಿತು. ಮಲಗಿದೆ. ಎದ್ದು ನೋಡುವಾಗ ಸರಳು ಬಗ್ಗಿಸುವ ನಮ್ಮ ಬೆಂಚು ಇದ್ದ ಕಡೆ ಬರೀ ಧೂಳು. ಲೋಕಯ್ಯ ಸರಳಿನ ರಾಶಿಯ ಆಚೆ ಬಿದ್ದಿದ್ದ. ಆ ರಾಶಿಯೇ ಅವನ ಜೀವ ಉಳಿಸಿತೆಂದು ದೇವಸಹಾಯಂ ಆಮೇಲೆ ಹೇಳಿದರು. ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಎರಡು ಕಿವಿಯಿಂದಲೂ ರಕ್ತ ಇಳಿಯುತ್ತಿತ್ತು. ನಾನು ಹೆಸರು ಹಿಡಿದು ಕೂಗುತ್ತಿದ್ದೆ. ಅವನು ನನ್ನ ಬಾಯಿಯನ್ನು ನೋಡುತ್ತಿದ್ದ.

ಅವನನ್ನು ಊರಿಗೆ ಕಳುಹಿಸಿದರು. ನಾನು ವರ್ಷ ಮುಗಿಸಿ, ಬೇರೆ ದೇಶಗಳಿಗೆ ಹೋಗಿ, ಒಟ್ಟು ಹತ್ತೊಂಬತ್ತು ವರ್ಷ ದುಡಿದೆ. ಬೇರೆ ಕ್ಯಾಂಪುಗಳಲ್ಲಿ ನಾನು ಯಾರಿಗೂ ಕಾಗದ ಬರೆದುಕೊಡಲಿಲ್ಲ, ನನಗೆ ಕನ್ನಡ ಮರೆತಿದೆ ಎಂದುಬಿಟ್ಟೆ. ಆಗ ಕ್ಯಾಸೆಟಿನ ಕಾಲವೂ ಬಂದಿತ್ತು. ಜನ ಟೇಪ್ ರೆಕಾರ್ಡರ್ ಎದುರು ಕೂತು ತಮ್ಮದೇ ದನಿಯಲ್ಲಿ ಹೇಳಿ, ಅತ್ತು, ಅತ್ತ ಜಾಗವನ್ನು ಅಳಿಸಿ ಮತ್ತೆ ಹೇಳಿ ಕಳುಹಿಸುತ್ತಿದ್ದರು. ಈಗ ವೀಡಿಯೋ ಕಾಲ್. ನವಾಜನ ಗೆಳೆಯನೊಬ್ಬ ಮನೆಗೆ ಫೋನ್ ಮಾಡುವಾಗ ರೂಮಿನಲ್ಲಿ ಏಸಿ ಇರುವ ಮೂಲೆಯನ್ನೇ ಹಿಂದೆ ಇಟ್ಟುಕೊಂಡು ಕೂರುತ್ತಾನಂತೆ. ಉಳಿದ ಹನ್ನೊಂದು ಮಂಚ ತಾಯಿಗೆ ಕಾಣಬಾರದೆಂದು. ನವಾಜ್ ಅದನ್ನು ನಗುತ್ತಾ ಹೇಳಿದ. ನಾನೂ ನಕ್ಕೆ.

ನಾನು ಊರಲ್ಲೇ ನೆಲೆ ನಿಂತಾಗ ಲೋಕಯ್ಯ ಕದ್ರಿಯಲ್ಲಿ ಒಂದು ಫ್ಲಾಟಿನ ವಾಚ್‌ಮನ್. ಕಿವಿ ಪೂರ್ತಿ ಹೋಗಿತ್ತು. ಗೇಟಿನ ಎದುರು ಕಾರು ಹಾರ್ನ್ ಮಾಡಿದರೆ ತಿಳಿಯುತ್ತಿರಲಿಲ್ಲ, ಹಾಗಾಗಿ ಕೂರದೆ ರಸ್ತೆಗೆ ಕಣ್ಣಿಟ್ಟು ನಿಂತೇ ಇರುತ್ತಿದ್ದ. ನನ್ನನ್ನು ನೋಡಿದಾಗಲೆಲ್ಲ ಕೈ ಹಿಡಿದುಕೊಳ್ಳುತ್ತಿದ್ದ. ಮನೆಯಲ್ಲಿ ಅವನು ಹೆಂಡತಿಯ ಜೊತೆ ಮಾತಾಡುವುದಿಲ್ಲ, ಬೇಕಾದ್ದನ್ನು ಮಗಳಿಗೆ ಹೇಳುತ್ತಾನೆ ಎಂದು ನೆರೆಯವರು ಹೇಳುತ್ತಿದ್ದರು. ಯುದ್ಧದಲ್ಲಿ ತಲೆಗೆ ಪೆಟ್ಟಾಗಿ ಹಾಗಾದದ್ದು ಎಂದು ಎಲ್ಲರ ಲೆಕ್ಕ. ನಿಜ ಗೊತ್ತಿದ್ದವನು ನಾನೊಬ್ಬ.

ಒಂದು ಸಂಜೆ ಧೈರ್ಯ ಮಾಡಿ ಹೋದೆ. ಕದ್ರಿ ಪಾರ್ಕಿನ ಹೊರಗಿನ ಕಟ್ಟೆಯಲ್ಲಿ ಇಬ್ಬರೂ ಕೂತೆವು.

"ಲೋಕಯ್ಯ, ಆ ಕಾಗದ ನಾನು ನೀನು ಹೇಳಿದ ಹಾಗೆ ಬರೆಯಲಿಲ್ಲ" ಎಂದೆ.

ಅವನು ನನ್ನ ತುಟಿ ನೋಡಿದ. "ಎಂತ?" ಎಂದ.

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಎಂತ ಇಲ್ಲ. ಚಾ ಕುಡಿಯುವನಾ ಅಂತ ಕೇಳಿದ್ದು" ಎಂದು ಕೈಯಲ್ಲಿ ಲೋಟದ ಸನ್ನೆ ಮಾಡಿದೆ.

ಇಬ್ಬರೂ ಹೋಗಿ ಚಾ ಕುಡಿದೆವು. ಆಮೇಲೆ ಅವನು ಹತ್ತು ಹನ್ನೆರಡು ವರ್ಷ ಬದುಕಿದ್ದ. ನಾನು ಮತ್ತೆ ಪ್ರಯತ್ನ ಮಾಡಲಿಲ್ಲ.

ಅವನು ತೀರಿಹೋಗಿ ಮೂರು ವರ್ಷವಾಯಿತು. ಬೊಜ್ಜವೆಂದು ನಮ್ಮಲ್ಲಿ ಕರೆಯುವ ಉತ್ತರಕ್ರಿಯೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಣ್ಣಗುಡ್ಡಕ್ಕೆ ಹೋದೆ. ಗಿರಿಜಕ್ಕ ಒಬ್ಬರೇ ಇದ್ದರು, ಮಗಳು ಕೆಲಸಕ್ಕೆ ಹೋಗಿದ್ದಳು. ಕುರ್ಚಿ ಹಾಕಿ ನೀರು ಬೆಲ್ಲ ತಂದಿಟ್ಟರು. ನಾನು ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ. ಕಾಗದ ಬರೆದದ್ದು, ಬರೆಯದೆ ಬಿಟ್ಟದ್ದು, ಅವರ ಉತ್ತರದಲ್ಲಿ ಎರಡು ಮಾತು ಹಾರಿಸಿದ್ದು. ಹೇಳುವಾಗ ನೆಲ ನೋಡುತ್ತಿದ್ದೆ.

ಅವರು ಒಳಗೆ ಹೋಗಿ ಒಲೆ ಆರಿಸಿ ಬಂದು ಎದುರು ಕೂತರು.

"ಅವರು ಒಮ್ಮೆ ಕೇಳಿದ್ದರು ಬ್ಯಾರಿಗಳೇ" ಎಂದರು. "ಬಂದ ವರ್ಷವೇ. 'ನಿಲ್ಲಿ ಅಂತ ಬರೆದದ್ದು ನೀನೇ ಅಲ್ಲವಾ' ಅಂತ. ಹೌದು ಅಂತ ತಲೆ ಆಡಿಸಿದೆ. 'ನೀವು ಸುಖವಾಗಿದ್ದೇನೆ ಅಂತ ಬರೆದ ಕಾರಣ ಹಾಗೆ ಬರೆದೆ' ಅಂತ ಅವರಿಗೆ ಹೇಳಿದೆ. ಅದು ಅವರಿಗೆ ಕೇಳಿಸಲಿಲ್ಲ. ಎದ್ದು ಹೋದರು. ನನಗೆ ಅರ್ಥ ಆಗಲಿಲ್ಲ, ಯಾಕೆ ಇಷ್ಟು ಕೋಪ ಅಂತ."

"ನನ್ನ ತಪ್ಪು, ಅಕ್ಕ" ಎಂದೆ.

"ನಿಮ್ಮದೇ" ಎಂದರು. ದನಿ ಏರಲಿಲ್ಲ. "ಅವರು ಇರುವಾಗ ಬಂದು ಹೇಳಬೇಕಿತ್ತು. ಈಗ ಇದನ್ನು ನಾನು ಎಂತ ಮಾಡುವುದು?"

ಎದ್ದು ನಿಂತೆ. ಅವರು ಕೈಸನ್ನೆಯಲ್ಲೇ ಕೂರಲು ಹೇಳಿದರು.

"ಅವತ್ತು ಅವರು ನಿಜವಾಗಿ ಹೇಳಿದ್ದು ಎಂತ? ಒಂದೊಂದೇ ಹೇಳಿ."

ಹೇಳಿದೆ. ಅಡುಗೆಯವನು ಸತ್ತದ್ದು, ಕೈ ನಡುಗುತ್ತದೆ ಎಂದದ್ದು, ಗಿರಿಜೆ ಬನ್ನಿ ಅಂದರೆ ಬರುತ್ತೇನೆ ಎಂದದ್ದು. ಕೊನೆಗೆ ಟ್ಯಾಂಕಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಇನ್ನೂ ಹೇಳಿದ ಎಂದೂ ಬಾಯಿ ತಪ್ಪಿ ಹೇಳಿಬಿಟ್ಟೆ.

ಗಿರಿಜಕ್ಕ ಮುಂದೆ ಬಾಗಿದರು. "ನನ್ನ ಬಗ್ಗೆಯಾ?"

"ಹೌದು. ನಿಮ್ಮ ಬಗ್ಗೆಯೇ."

"ಎಂತ ಹೇಳಿದರು?"

ನಾನು ಕಣ್ಣು ಮುಚ್ಚಿ ಯೋಚಿಸಿದೆ. ಟ್ಯಾಂಕಿಯಿಂದ ತೊಟ್ಟಿಕ್ಕುತ್ತಿದ್ದ ನೀರು ನೆನಪಿಗೆ ಬಂತು. ಲೋಕಯ್ಯ ಬೆರಳಿನಿಂದ ಮರಳಿನ ಮೇಲೆ ಗೆರೆ ಎಳೆಯುತ್ತಿದ್ದದ್ದು ಬಂತು. ಅವನ ತುಟಿ ಅಲುಗುವುದೂ ಕಾಣಿಸಿತು. ಮಾತು ಬರಲಿಲ್ಲ. ಅವನು ಅದನ್ನು ಹೇಳುತ್ತಿದ್ದಾಗ ನಾನು ಕಾಗದದಲ್ಲಿ ಎಂತ ಬರೆಯುವುದೆಂದು ನನ್ನೊಳಗೇ ಜೋಡಿಸುತ್ತಾ ಇದ್ದೆ. ಗಿರಿಜೆಯ ಹೆಸರೊಂದು ಬಿಟ್ಟು ಬೇರೇನನ್ನೂ ಕೇಳಿಸಿಕೊಂಡಿರಲೇ ಇಲ್ಲ. ನಾನು ಬರೆದದ್ದು ಇವತ್ತಿಗೂ ಅಕ್ಷರಕ್ಕೆ ಅಕ್ಷರ ನೆನಪುಂಟು.

"ನೆನಪಿಲ್ಲ, ಅಕ್ಕ."

ಅವರು ಕುರ್ಚಿಗೆ ಒರಗಿದರು. ಹೊರಗೆ ಯಾರೋ ತರಕಾರಿಯವನು ಕೂಗುತ್ತಾ ಹೋದ. ನಾನು ಹೊರಟಾಗ ಬಾಗಿಲ ತನಕ ಬಂದರು.

"ನೆನಪಾದರೆ ಬಂದು ಹೇಳಿ" ಎಂದರು. "ಎಷ್ಟು ತಡವಾದರೂ ಅಡ್ಡಿಯಿಲ್ಲ."

ಮೂರು ವರ್ಷದಿಂದ ಅದನ್ನು ನೆನಪಿಗೆ ತಂದುಕೊಳ್ಳಲು ಪ್ರಯತ್ನ ಮಾಡುತ್ತಿದ್ದೇನೆ. ಇನ್ನೂ ಹೋಗಿಲ್ಲ.